ವಾಪಸಾತಿ ಡಬ್ಬಿ

ಗುಬ್ಬಿಯ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಏಣಿಯನ್ನು ಪಕ್ಕದ ಮನೆಗೆ ಕೊಟ್ಟು ಸಿಕ್ಕಿಬಿದ್ದಿದ್ದರು.

“ಸುಣ್ಣ ಹೊಡೀಬೇಕು ಅಂದ್ರು, ಕೊಟ್ಟೆ. ಏಣಿ ಕೊಡೋದೂ ತಪ್ಪೇನಮ್ಮ?”

“ಕೊಡೋದು ತಪ್ಪಲ್ಲ ಸರ್. ಮೂರು ದಿನ ಅಲ್ಲೇ ಬಿಟ್ಟಿದ್ದು ತಪ್ಪು,” ಎಂದಳು ಕಾತ್ಯಾಯಿನಿ, ಹೆಡ್‌ಸೆಟ್ಟನ್ನು ಕಿವಿಗೆ ಒತ್ತಿಕೊಳ್ಳುತ್ತ. “ಮೂರು ದಿನ ಯಾರ ಜಾಗದಲ್ಲಿ ಬಳಕೆಯಲ್ಲಿರುತ್ತೋ ಅವರೇ ಬಳಕೆದಾರರು. ಏಣಿಯ ಈ ತಿಂಗಳ ಚಂದಾ ಪಕ್ಕದ ಮನೆಯವರ ಹೆಸರಿಗೆ ಹೋಗಿದೆ.”

“ಅದಕ್ಕೇ ಅವರು ನನ್ ಜೊತೆ ಮಾತು ಬಿಟ್ಟಿದಾರೆ.”

“ಅದು ನಮ್ಮ ವಿಭಾಗಕ್ಕೆ ಬರಲ್ಲ ಸರ್.”

“ನಂಗೆ ಏಣೀನೇ ಬೇಡ. ತಗೊಂಡ್ಹೋಗಿ.”

ಈ ಮಾತಿಗಾಗಿಯೇ ಕಾತ್ಯಾಯಿನಿಗೆ ಸಂಬಳ. ತುಮಕೂರಿನ ‘ನಿರಂತರ’ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಚಂದಾ ಬಿಡುತ್ತೇನೆ ಎನ್ನುವವರನ್ನು ಬಿಡದಂತೆ ಮಾಡುವುದು ಅವಳ ಕೆಲಸ. ಮೂರು ಎಣಿಸುವಷ್ಟು ಹೊತ್ತು ಸುಮ್ಮನಿದ್ದಳು.

“ಅಟ್ಟದ ಮೇಲೆ ಏನಿಟ್ಟಿದೀರಿ ಸರ್?”

“ಹಳೇ ಪಾತ್ರೆ. ನಮ್ಮನೆಯೋಳ ತಂಬೂರಿ.”

“ಅದನ್ನ ಯಾವತ್ತೂ ಇಳಿಸೋದು ಬೇಡ್ವಾ ಮತ್ತೆ?”

“ಇರ್ಲಿ ಬಿಡಮ್ಮ, ಇನ್ನೊಂದು ತಿಂಗಳು,” ಎಂದು ಮೇಷ್ಟ್ರು ಫೋನಿಟ್ಟರು. ಕಾತ್ಯಾಯಿನಿ ಮುಂದಿನ ಕರೆ ತೆಗೆದುಕೊಂಡಳು. ಅವಳ ಮೇಜಿನ ಮೇಲೆ ‘ವರ್ಷದ ಕಂಠ’ ಎಂಬ ಗಾಜಿನ ಫಲಕ ಎರಡು ವರ್ಷದಿಂದ ಇತ್ತು. ಇಡೀ ರಾಜ್ಯದಲ್ಲಿ ಚಂದಾ ಬಿಡುವವರು ಅತ್ಯಂತ ಕಡಿಮೆ ಇದ್ದದ್ದು ತುಮಕೂರು ಪ್ರಾಂತ್ಯದಲ್ಲಿ. ಅದು ತನ್ನ ದನಿಯ ಮಹಿಮೆ ಎಂದು ಅವಳು ನಂಬಿದ್ದಳು, ಮತ್ತು ಅದನ್ನು ಯಾರಾದರೂ ಮರೆತಂತೆ ಕಂಡರೆ ಫಲಕದ ಧೂಳು ಒರೆಸುತ್ತಿದ್ದಳು.

ಜನ ಇದಕ್ಕೆ ಒಗ್ಗಿಕೊಂಡು ಹತ್ತು ವರ್ಷವಾಗಿತ್ತು. ವಿಜ್ಞಾನಿಗಳು ಕಂಡುಹಿಡಿದದ್ದು ಒಂದು ಮರೆಗುಳಿ ಲೋಹವನ್ನು. ಅದರ ಕಣಗಳು ತಮಗೆ ಕೊಟ್ಟ ಜೋಡಣೆಯನ್ನು ಮೂವತ್ತು ದಿನ ಮಾತ್ರ ನೆನಪಿಟ್ಟುಕೊಳ್ಳುತ್ತವೆ. ಆಮೇಲೆ ಗಾಳಿಯಲ್ಲಿ ಬರುವ ಒಂದು ಮಿಡಿತ ಅವಕ್ಕೆ ಮತ್ತೆ ಪಾಠ ಹೇಳಬೇಕು. ಮಿಡಿತ ಬಂದರೆ ಕುರ್ಚಿ ಕುರ್ಚಿಯಾಗಿಯೇ ಉಳಿಯುತ್ತದೆ. ಬರದಿದ್ದರೆ ಒಂದನೇ ತಾರೀಕು ಮಧ್ಯಾಹ್ನ ಹನ್ನೆರಡಕ್ಕೆ ಕುಸಿದು ಮುದ್ದೆಯಾಗುತ್ತದೆ. ವಿಜ್ಞಾನಿಗಳು ಇದನ್ನು ದೋಷವೆಂದು ಬರೆದರು. ನಿರಂತರ ಕಂಪನಿ ಆ ದೋಷವನ್ನೇ ಕೊಂಡುಕೊಂಡಿತು. ಜನ ಅದನ್ನು ತಿಂಗಳುಲೋಹ ಎಂದರು. ಬಲು ಅಗ್ಗ, ಗರಿಯಷ್ಟು ಹಗುರ. ಪಾತ್ರೆ, ಬೀರು, ಮಂಚ, ಮೆಟ್ಟಿಲು, ಹಲ್ಲಿನ ಸೆಟ್ಟು ಎಲ್ಲವೂ ಅದರಲ್ಲೇ ಬಂದವು. ತುಮಕೂರಿನವರಿಗೆ ಮುದ್ದೆ ಹೊಸದಲ್ಲವಾದ್ದರಿಂದ ಯಾರೂ ಹೆಚ್ಚು ಗಾಬರಿಯಾಗಲಿಲ್ಲ.

ನೌಕರಿಗಳೂ ತಿಂಗಳ ಲೆಕ್ಕಕ್ಕೆ ಬಂದಿದ್ದವು. ಕಾತ್ಯಾಯಿನಿಯ ನೇಮಕಾತಿ ಇದ್ದದ್ದು ಅವಳ ಹೆಡ್‌ಸೆಟ್ಟಿನಲ್ಲೇ. ಹೆಡ್‌ಸೆಟ್ ಬಳಕೆಯಲ್ಲಿ ಇರುವವರೆಗೆ ನೌಕರಿ ಇದೆ, ಸಂಬಳ ಇದೆ. ಕಂಪನಿಯ ಕಂಪ್ಯೂಟರು ಮನುಷ್ಯರಿಗೆಂದು ಬೇರೆ ಲೆಕ್ಕ ಇಟ್ಟಿರಲಿಲ್ಲ.

*

ಮನೆಯಲ್ಲಿ ಜಗಳ ಶುರುವಾದದ್ದು ಇಪ್ಪತ್ತನೇ ತಾರೀಕು.

ಕಾತ್ಯಾಯಿನಿಯ ಗಂಡ ಓಂಕಾರಮೂರ್ತಿಗೆ ಉಕ್ಕಿನ ಬೀರುಗಳ ಅಂಗಡಿ ಇತ್ತು. ನೂರು ವರ್ಷ ಬಾಳುವ ಬೀರು ಎಂದು ಬೋರ್ಡು ಹಾಕಿದ್ದ. ನೂರು ವರ್ಷದ ಬೀರು ಯಾರಿಗೂ ಬೇಕಿರಲಿಲ್ಲವಾದ್ದರಿಂದ ಯುಗಾದಿಯ ಹೊತ್ತಿಗೆ ಅಂಗಡಿ ಮುಚ್ಚಿತು. ಈಗ ಮನೆಯ ಹುಂಡಿಗೆ, ಅಂದರೆ ಕಂಪನಿ ತಿಂಗಳಿಗೊಮ್ಮೆ ಕೈ ಹಾಕುವ ಬ್ಯಾಂಕು ಖಾತೆಗೆ, ಬೀಳುತ್ತಿದ್ದದ್ದು ಅವಳ ಸಂಬಳ ಒಂದೇ. ಇಪ್ಪತ್ತು ಚಂದಾಗಳಿಗೆ ಅದು ಸಾಲುವಂತಿರಲಿಲ್ಲ. ಸಾಲದಿದ್ದಾಗ ಕಂಪನಿಯ ಕ್ರಮ ಹೀಗೆ: ಹೊಸ ಚಂದಾ ಮೊದಲು, ಹಳೆಯದು ಕೊನೆಗೆ. ಮನೆಯಲ್ಲಿ ಎಲ್ಲಕ್ಕಿಂತ ಹಳೆಯ ಚಂದಾ ಅತ್ತೆ ಸಾವಂತ್ರಮ್ಮನ ಎಡಗಾಲಿನ ಮಂಡಿ.

ಆರು ವರ್ಷದ ಹಿಂದೆ ಅವರ ಮಂಡಿಚಿಪ್ಪು ತೆಗೆದು ತಿಂಗಳುಲೋಹದ ಕೀಲು ಕೂರಿಸಿದ್ದರು. ಮಿಡಿತ ತಪ್ಪಿದರೆ ಕಾಲು ಒದ್ದೆ ಟವೆಲ್ಲಿನ ಹಾಗಾಗುತ್ತದೆ, ಕೀಲು ಒಳಗೇ ಕುಸಿದರೆ ಮತ್ತೆ ಕೂರಿಸಲು ಬರುವುದಿಲ್ಲ ಎಂದು ಡಾಕ್ಟರು ಆಗಲೇ ಹೇಳಿದ್ದರು.

“ಹದಿನಾಲ್ಕು ಬಿಡಬೇಕು,” ಎಂದಳು ಕಾತ್ಯಾಯಿನಿ. “ನೀವು ಪ್ರವಚನ ಕೇಳೋ ಕುರ್ಚಿ ಮೊದಲು.”

“ನಿನ್ನ ನಿಲುಗನ್ನಡಿ?” ಎಂದರು ಸಾವಂತ್ರಮ್ಮ. “ಅದರ ಮುಂದೆ ಅರ್ಧ ಗಂಟೆ ನಿಂತು ಈ ಮುಖಾನೇ ತಾನೆ ಆಚೆ ತರೋದು.”

“ಅದೂ ಹೋಗುತ್ತೆ. ಇಡ್ಲಿ ಪಾತ್ರೆ, ಇವರ ಸೈಕಲ್ಲು, ಎಲ್ಲಾ ಹೋಗುತ್ತೆ.”

ಓಂಕಾರಮೂರ್ತಿ ತನ್ನ ವ್ಯಾಯಾಮದ ಸೈಕಲ್ಲಿನ ಕಡೆ ನೋಡಿದ. ಅದರ ಮೇಲೆ ಎರಡು ಅಂಗಿ, ಒಂದು ಪಂಚೆ ಒಣಗುತ್ತಿದ್ದವು. “ಬಟ್ಟೆಗೆ?” ಎಂದ.

“ಹಗ್ಗ ಅನ್ನೋದೊಂದಿದೆ ಕಣ್ರೀ.”

“ಅರ್ಥ ಆಯ್ತು ಬಿಡು,” ಎಂದರು ಸಾವಂತ್ರಮ್ಮ. “ನನ್ನ ಕಾಲು ಮುದ್ದೆ ಆಗ್ಲಿ ಅಂತ ಕಾಯ್ತಿದೀಯ. ನೆಪಕ್ಕೆ ಈ ಪಟ್ಟಿ.”

“ಆಗ್ಲಿ ಅಂತಿದ್ರೆ ಸುಮ್ಮನಿರ್ತಿದ್ದೆ ಅತ್ತೆ. ಅದಕ್ಕೆ ನಾನೇನೂ ಮಾಡ್ಬೇಕಾಗಿಲ್ಲ, ತಾನಾಗೇ ಆಗುತ್ತೆ. ನಿಮ್ಮನ್ನ ಎತ್ತಿ ಬಚ್ಚಲಿಗೆ ಕೂರಿಸೋಳು ನಾನಲ್ವಾ? ನನ್ನ ಸೊಂಟ ಉಳೀಲಿ ಅಂತ ಹೇಳ್ತಿದೀನಿ.”

ಹನ್ನೆರಡು ವರ್ಷದ ಸಂಬಂಧದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿದ್ದು ಕಡಿಮೆ. ಸಾವಂತ್ರಮ್ಮ ಒಪ್ಪಿದರು.

ಚಂದಾ ಬಿಡುವುದು ಬಾಯಿಮಾತಿನಲ್ಲಿ ಆಗುವಂಥದ್ದಲ್ಲ. ಮೊದಲು ಫೋನು ಮಾಡಿ ಕಾತ್ಯಾಯಿನಿಯಂಥ ಒಬ್ಬಳನ್ನು ಗೆಲ್ಲಬೇಕು. ಸಹೋದ್ಯೋಗಿ ಹುಡುಗಿ ಕರೆ ತೆಗೆದುಕೊಂಡು ಮೂರು ಎಣಿಸಿ ಸುಮ್ಮನಾದಾಗ, “ಆ ಮೂರು ಎಣಿಸೋದನ್ನ ನಿಂಗೆ ಕಲಿಸಿದೋಳು ನಾನು, ಮುಂದಕ್ಕೆ ಹೋಗು,” ಎಂದಳು ಕಾತ್ಯಾಯಿನಿ. ಆಮೇಲೆ ಕಂಪನಿ ವಾಪಸಾತಿ ಡಬ್ಬಿಗಳನ್ನು ಕಳಿಸಿತು. ವಸ್ತುವನ್ನು ಡಬ್ಬಿಯ ಬಾಯಿಗೆ ತಾಗಿಸಿ ಗುಂಡಿ ಒತ್ತಿದರೆ ಅದು ಅಲ್ಲೇ ಕುಸಿದು ಒಳಗೆ ಇಳಿಯುತ್ತದೆ. ಮುಚ್ಚಳ ಹಾಕಿ ಡಿಪೋಗೆ ಕೊಟ್ಟರೆ ಅಲ್ಲಿಯ ತಕ್ಕಡಿ ತೂಗಿ ಚಂದಾ ಮುಗಿಸುತ್ತದೆ. ಪ್ರವಚನದ ಕುರ್ಚಿ ಎರಡು ಹಿಡಿ ಬೂದುಬಣ್ಣದ ಮುದ್ದೆಯಾಯಿತು. ಸಾವಂತ್ರಮ್ಮ ಅದನ್ನು ಹತ್ತಿರದ ನೆಂಟರ ಹೆಣ ನೋಡುವ ಹಾಗೆ ನೋಡಿದರು.

ಇಪ್ಪತ್ತೈದರ ಬೆಳಗ್ಗೆ ಹದಿನಾಲ್ಕು ಡಬ್ಬಿಗಳು ನಡುಮನೆಯಲ್ಲಿ ಸಾಲಾಗಿ ಕೂತಿದ್ದವು, ಮದುವೆ ಮನೆಯ ಬುತ್ತಿಯ ಹಾಗೆ.

“ನೀನು ಡ್ಯೂಟಿಗೆ ಹೋಗು,” ಎಂದರು ಸಾವಂತ್ರಮ್ಮ. “ಡಬ್ಬಿ ಒರೆಸಿ ಓಂಕಾರನ ಕೈಲಿ ಕಳಿಸ್ತೀನಿ.”

ಅತ್ತೆ ತಾವಾಗಿ ಒಂದು ಕೆಲಸ ವಹಿಸಿಕೊಂಡದ್ದು ಅದೇ ಮೊದಲು. ಕಾತ್ಯಾಯಿನಿ ಅನುಮಾನಪಡಬೇಕಾಗಿತ್ತು.

*

ಇಪ್ಪತ್ತೆಂಟರ ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಫೋನಿಗೆ ಸಂದೇಶ ಬಂತು. ‘ಅಭಿನಂದನೆಗಳು. ತಾವು ಕಳಿಸಿದ ಹದಿನಾಲ್ಕು ವಸ್ತುಗಳು ಬಳಕೆಯಲ್ಲಿವೆ ಎಂದು ಕಂಡುಬಂದಿದೆ. ಹದಿನಾಲ್ಕು ಹೊಸ ಚಂದಾ ಆರಂಭವಾಗಿವೆ. ನಮ್ಮೊಂದಿಗೆ ಉಳಿದದ್ದಕ್ಕೆ ಧನ್ಯವಾದ.’

ಹೊಸ ಚಂದಾ. ಅಂದರೆ ಹದಿನಾಲ್ಕೂ ಸಾಲಿನ ಮುಂದಕ್ಕೆ ಹೋಗಿದ್ದವು, ಮಂಡಿ ಇನ್ನೂ ಹಿಂದಕ್ಕೆ.

ಡಿಪೋ ಇದ್ದದ್ದು ಅದೇ ಕಟ್ಟಡದ ಕೆಳಗೆ. ಮೊಸರನ್ನದ ಡಬ್ಬಿ ಮುಚ್ಚಿಟ್ಟು ಇಳಿದುಹೋದಳು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅಲ್ಲಿಗೆ ಇಳಿದಿರಲಿಲ್ಲ. ತಕ್ಕಡಿಯ ಪರದೆಯಲ್ಲಿ ತನ್ನ ಮನೆ ನಂಬರು ಹಾಕಿ ನೋಡಿದಳು. ಹದಿನಾಲ್ಕು ಡಬ್ಬಿಯ ಎದುರಿಗೂ ಒಂದೇ ಷರಾ: ‘ಹೆಚ್ಚುವರಿ ತೂಕ ಅರ್ಧ ಗ್ರಾಂ. ಒಳಗೆ ಪದಾರ್ಥವಿದೆ.’

ಆ ನಿಯಮ ಅವಳಿಗೆ ಗೊತ್ತಿದ್ದದ್ದೇ. ಹಿಂದೊಮ್ಮೆ ಯಾರೋ ಅಕ್ಕಿ ಡಬ್ಬಿಯನ್ನು ಅಕ್ಕಿಯ ಸಮೇತ ವಾಪಸು ಮಾಡಿ, ಕಂಪನಿ ಅಕ್ಕಿ ಕದ್ದಿತೆಂದು ಕೋರ್ಟಿಗೆ ಹೋಗಿದ್ದರು. ಅಂದಿನಿಂದ ಒಳಗೆ ಏನಾದರೂ ಇದ್ದರೆ ವಸ್ತು ಬಳಕೆಯಲ್ಲಿದೆ ಎಂದೇ ಲೆಕ್ಕ. ಅಕ್ಕಿ ಡಬ್ಬಿಗೆ ಬರೆದ ಆ ನಿಯಮವನ್ನು ಕಂಪ್ಯೂಟರು ಎಲ್ಲ ಡಬ್ಬಿಗೂ ಹಚ್ಚಿಬಿಟ್ಟಿತ್ತು.

ತನ್ನ ಮನೆಯ ಡಬ್ಬಿಯೊಂದನ್ನು ಇಳಿಸಿ ಮುಚ್ಚಳ ತೆಗೆದಳು. ಮುದ್ದೆಯ ಪಕ್ಕದಲ್ಲಿ ಒಂದು ಚಿಟಿಕೆ ಸಕ್ಕರೆ. ಅದರಿಂದ ಡಬ್ಬಿಯ ಅಂಚಿನವರೆಗೆ ಇರುವೆಗಳ ಒಂದು ಶಿಸ್ತಿನ ಸಾಲು.

ಪಕ್ಕದ ಡಬ್ಬಿ ಯಾರದ್ದೋ ಕ್ಯಾತ್ಸಂದ್ರದವರದ್ದು. ತೆಗೆದಳು: ಬೆಲ್ಲದ ಚೂರು. ಅದರಾಚೆಯದ್ದು ಕುಣಿಗಲ್ಲಿನಿಂದ ಬಂದಿತ್ತು: ನಾಲ್ಕು ಕಾಳು ಅಕ್ಕಿ, ಅರಿಸಿನ. ಇನ್ನೊಂದರಲ್ಲಿ ಅಡಿಕೆ ಹೋಳು. ಹಲಗೆ ಹಲಗೆಯಾಗಿ ಛಾವಣಿಯವರೆಗೆ ಡಬ್ಬಿಗಳಿದ್ದವು. ಪರದೆ ಲೆಕ್ಕ ಕೊಟ್ಟಿತು: ಹನ್ನೊಂದು ಸಾವಿರ, ಎಲ್ಲವೂ ಬಳಕೆಯಲ್ಲಿವೆ. ಜಿಲ್ಲೆಯ ಯಾವ ಹೆಂಗಸೂ ಡಬ್ಬಿಯನ್ನು ಬರಿದಾಗಿ ಕಳಿಸಿರಲಿಲ್ಲ. ಕಳಿಸಿದವರಲ್ಲಿ ಎಷ್ಟೋ ಮಂದಿ ಆಮೇಲೆ ಫೋನು ಮಾಡಿ, ವಾಪಸು ಕೊಟ್ಟಿದ್ದಕ್ಕೂ ದುಡ್ಡು ಹಿಡೀತಿದೀರಲ್ಲಮ್ಮ ಎಂದು ಅತ್ತಿದ್ದರು. ಪರದೆಯಲ್ಲಿ ‘ಬಳಕೆಯಲ್ಲಿದೆ’ ಎಂದಿರುವುದನ್ನು ನೋಡಿ, ಸುಳ್ಳು ಹೇಳುತ್ತಾರೆಂದುಕೊಂಡು ಅವಳು ಅವರಿಗೆ ತಣ್ಣಗೆ ನಿಯಮ ಓದಿ ಹೇಳಿದ್ದಳು.

*

ಅವಳು ಮನೆಗೆ ಬಂದಾಗ ಸಾವಂತ್ರಮ್ಮ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು. ತಿಂಗಳ ಕೊನೆಗೆ, ಹುಂಡಿಯಲ್ಲಿ ದುಡ್ಡು ಸಾಲದ ಚಂದಾ ಇದ್ದರೆ, ಆ ಲೋಹ ಮೂರು ದಿನ ಮೊದಲೇ ಸ್ವಲ್ಪ ಸಡಿಲವಾಗುತ್ತದೆ. ಕಂಪನಿ ಅದನ್ನು ಸೌಮ್ಯ ಜ್ಞಾಪನೆ ಎನ್ನುತ್ತಿತ್ತು.

“ಸಕ್ಕರೆ ಹಾಕಿದ್ರಾ ಅತ್ತೆ?”

“ಹಾಕ್ದೆ. ಏನೀಗ?”

“ಯಾಕೆ?”

“ಯಾಕೆ ಅಂದ್ರೆ? ನಿಮ್ಮಮ್ಮ ಅಷ್ಟೂ ಹೇಳ್ಕೊಟ್ಟಿಲ್ವಾ? ಬೇರೆಯವರ ಡಬ್ಬೀನ ಬರಿದು ಮಾಡಿ ಕಳಿಸ್ತಾರಾ?”

“ಬರಿದಿರಲಿಲ್ಲ. ಅದರಲ್ಲಿ ಮುದ್ದೆ ಇತ್ತು.”

“ಮುದ್ದೆ ಅವರದು. ನಮ್ಮನೇದು ಅಂತ ಏನಿತ್ತು ಅದರಲ್ಲಿ?”

ಕಾತ್ಯಾಯಿನಿ ನಡೆದದ್ದನ್ನು ಹೇಳಿದಳು: ತಕ್ಕಡಿ, ಹದಿನಾಲ್ಕು ಹೊಸ ಚಂದಾ, ಸಾಲಿನ ಕೊನೆಯ ಮಂಡಿ.

“ನಿಮ್ಮ ಕಾಲನ್ನ ಸಕ್ಕರೆ ತಿಂತು,” ಎಂದಳು. “ಸಂತೋಷ ಆಯ್ತಾ?”

ಸಾವಂತ್ರಮ್ಮ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತರು. ದನಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

“ಹೋದ್ರೆ ಹೋಗ್ಲಿ. ಸಾವಂತ್ರಮ್ಮನ ಮನೆಯಿಂದ ಬರಿ ಡಬ್ಬಿ ಬಂತು ಅಂತ ಅನ್ನಿಸ್ಕೊಳ್ಳಲ್ಲ.”

“ಅಲ್ಲಿ ಅನ್ನೋರು ಯಾರೂ ಇಲ್ಲ. ಒಂದು ತಕ್ಕಡಿ ಇದೆ.”

“ತಕ್ಕಡಿಗಾದ್ರೂ ಮರ್ಯಾದೆ ಬೇಡ್ವಾ?” ಎಂದು ಏಳಲು ಹೋದವರ ಕಾಲು ಪಕ್ಕಕ್ಕೆ ವಾಲಿತು. ಓಂಕಾರಮೂರ್ತಿ ಹಿಡಿದುಕೊಂಡ. ಕಾತ್ಯಾಯಿನಿ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಜೋಡಿಸಿದಳು.

*

ಮರುದಿನ ಬೆಳಗ್ಗೆ ಅವಳು ಪ್ರಾಂತ್ಯದ ಮುಖ್ಯಸ್ಥ ನಾಗಭೂಷಣನ ಕೋಣೆಗೆ ಹೋದಳು. ನಾಗಭೂಷಣ ಯಾವಾಗಲೂ ನಗುವ ಮನುಷ್ಯ. ಜನರನ್ನು ಕೆಲಸದಿಂದ ತೆಗೆಯುವಾಗ ಇನ್ನೂ ಸ್ವಲ್ಪ ಜಾಸ್ತಿ ನಗುತ್ತಿದ್ದ.

“ಸರ್, ಡಿಪೋದಲ್ಲಿ ಸಕ್ಕರೆ ಇದೆ. ನಿಮಗೆ ಗೊತ್ತಿತ್ತಾ?”

“ಇರುವೆ ಪುಡಿ ಬಿಲ್ಲಿಗೆ ಪ್ರತಿ ತಿಂಗಳು ಸಹಿ ಹಾಕೋನು ನಾನೇ ಮೇಡಂ.”

“ಜನ ಬಿಟ್ಟಿದ್ದಾರೆ ಸರ್. ಹನ್ನೊಂದು ಸಾವಿರ ಡಬ್ಬಿ. ನಾವು ಬಿಟ್ಟಿಲ್ಲ ಅಂತ ಹಿಡೀತಿದೀವಿ.”

“ನಾವೆಲ್ಲಿ ಹಿಡೀತಿದೀವಿ? ಅವರೇ ಹಾಕ್ತಿದ್ದಾರೆ. ಬೇರೆ ಪ್ರಾಂತ್ಯದೋರು ನನ್ನ ಗುಟ್ಟು ಕೇಳ್ತಾರೆ. ತುಮಕೂರಿನ ಜನಕ್ಕೆ ನಿಷ್ಠೆ ಜಾಸ್ತಿ ಅಂತೀನಿ.”

“ಮತ್ತೆ ನನ್ನ ಕಂಠ?”

“ಚೆನ್ನಾಗಿದೆ,” ಎಂದ ನಾಗಭೂಷಣ ನಗುತ್ತ. “ನಿಮ್ಮ ಮಾತಿಗೆ ನೂರರಲ್ಲಿ ಇಪ್ಪತ್ತು ಜನ ನಿಲ್ತಾರೆ. ಮಿಕ್ಕಿದ್ದು ಸಕ್ಕರೆ.”

ಈ ಸಲ ಕಾತ್ಯಾಯಿನಿ ಮೂರು ಎಣಿಸಲಿಲ್ಲ.

“ನಮ್ಮತ್ತೆ ಮಂಡಿ ಇದೆ ಸರ್ ಅದರಲ್ಲಿ. ನಾಡಿದ್ದು ಹನ್ನೆರಡಕ್ಕೆ ಕುಸಿಯುತ್ತೆ. ನಮ್ಮ ಹದಿನಾಲ್ಕು ಡಬ್ಬಿ ಮಾತ್ರ ರದ್ದು ಮಾಡಿಕೊಡಿ.”

“ಒಬ್ಬರಿಗೆ ಮಾಡಿದ್ರೆ ಎಲ್ಲರಿಗೂ ಮಾಡ್ಬೇಕಾಗುತ್ತೆ. ನಿಯಮ ನಿಮಗೆ ನಾನು ಹೇಳ್ಕೊಡಬೇಕಾ?”

“ಬೇಡ ಸರ್,” ಎಂದಳು ಕಾತ್ಯಾಯಿನಿ. “ನಿಯಮ ನಂಗೆ ಬಾಯಿಪಾಠ.”

ತನ್ನ ಮೇಜಿಗೆ ಬಂದು ಕೂತಳು. ದಿನಕ್ಕೆ ಹತ್ತು ಸಲ ಒತ್ತುವ ಗುಂಡಿ ಅದು: ‘ಬೇರೆಯವರ ಜಾಗದಲ್ಲಿ ಬಳಕೆ’. ಗುಬ್ಬಿಯ ಮೇಷ್ಟ್ರ ಏಣಿಗೂ ಅದನ್ನೇ ಒತ್ತಿದ್ದಳು. ವಸ್ತು: ಇಡ್ಲಿ ಪಾತ್ರೆ. ಸ್ಥಿತಿ: ಬಳಕೆಯಲ್ಲಿದೆ. ಎಷ್ಟು ದಿನದಿಂದ: ನಾಲ್ಕು. ಯಾರ ಜಾಗದಲ್ಲಿ? ಡಿಪೋಗೂ ಒಂದು ಮನೆ ನಂಬರು ಇತ್ತು, ಕಂಪನಿ ತನ್ನ ಕುರ್ಚಿಗಳಿಗೆ ತಾನೇ ಚಂದಾ ಕಟ್ಟುತ್ತಿದ್ದದ್ದರಿಂದ. ಅದನ್ನೇ ಹಾಕಿದಳು. ಕಂಪ್ಯೂಟರು ಕ್ಷಣವೂ ತಡಮಾಡಲಿಲ್ಲ. ‘ಬಳಕೆದಾರರು: ನಿರಂತರ ಕಂಪನಿ, ತುಮಕೂರು. ಚಂದಾ ಇವರ ಹುಂಡಿಯಿಂದ.’

ಹದಿನಾಲ್ಕು ಸಲ ಒತ್ತಿದಳು. ಕೊನೆಯದರ ಹೊತ್ತಿಗೆ ನಾಗಭೂಷಣ ಅವಳ ಬೆನ್ನ ಹಿಂದೆ ನಿಂತಿದ್ದ.

“ಏನ್ ಮಾಡ್ತಿದೀರ?”

“ನನ್ನ ಕೆಲಸ ಸರ್. ನಮ್ಮ ಪಾತ್ರೆ ಯಾರೋ ನಾಲ್ಕು ದಿನದಿಂದ ಬಳಸ್ತಿದ್ದಾರೆ.”

“ತೆಗೀರಿ ಅದನ್ನ.”

“ನಂಗೆ ತೆಗೆಯೋಕೆ ಅಧಿಕಾರ ಇಲ್ಲ, ಮುಖ್ಯಸ್ಥರೇ ತೆಗೀಬೇಕು. ಕಾರಣ ಬರೀಬೇಕು, ಕೇಂದ್ರ ಕಚೇರಿಗೆ ಹೋಗುತ್ತೆ.” ಅವಳು ಕೀಲಿಮಣೆಯನ್ನು ಅವನ ಕಡೆ ಸರಿಸಿದಳು. “ಬರೀರಿ. ಪಾತ್ರೆ ಬಳಕೆಯಲ್ಲಿಲ್ಲ, ಬರೀ ಸಕ್ಕರೆ ಅಂತ.”

ನಾಗಭೂಷಣ ಬರೆಯಲಿಲ್ಲ. ಅವನ ಮುಖದಲ್ಲಿ ನಗು ಇನ್ನೂ ಇತ್ತು. ಯಾರೋ ಅಲ್ಲಿ ಮರೆತುಹೋದ ಹಾಗಿತ್ತು.

“ಇದು ನಮ್ಮೊಂದು ಮನೇದು,” ಎಂದಳು ಕಾತ್ಯಾಯಿನಿ. “ಹನ್ನೊಂದು ಸಾವಿರ ಇದೆ. ನಂಗೆ ಪುರುಸೊತ್ತಿದೆ.”

ನಾಗಭೂಷಣ ಬಗ್ಗಿ, ತನ್ನ ಬೆರಳಚ್ಚು ಒತ್ತಿ, ಹದಿನಾಲ್ಕು ಚಂದಾಗಳನ್ನು ಒಂದೊಂದಾಗಿ ಕೈಯಾರೆ ಮುಗಿಸಿದ. ಕಾರಣದ ಜಾಗದಲ್ಲಿ ‘ಗ್ರಾಹಕರು ವಾಪಸು ಮಾಡಿದ್ದಾರೆ’ ಎಂದು ಬರೆದ. ತುಮಕೂರು ಪ್ರಾಂತ್ಯದಲ್ಲಿ ಆ ಮಾತು ದಾಖಲೆಗೆ ಹೋದದ್ದು ಅದೇ ಮೊದಲಿರಬೇಕು. ಆಮೇಲೆ ಅವಳ ಮೇಜಿನ ಮೇಲೆ ಒಂದು ವಾಪಸಾತಿ ಡಬ್ಬಿ ಇಟ್ಟ.

“ಹೆಡ್‌ಸೆಟ್ಟು. ಒಂದನೇ ತಾರೀಕು ಸಂಜೆ ಐದರೊಳಗೆ ಡಿಪೋದಲ್ಲಿ ಇರಬೇಕು. ಇನ್ಮೇಲೆ ನಿಮ್ಮ ಕಂಠ ಮನೇಲೇ ಇರ್ಲಿ ಮೇಡಂ.”

ಅವಳು ಹೆಡ್‌ಸೆಟ್ಟನ್ನೂ ಡಬ್ಬಿಯನ್ನೂ ಹಿಡಿದು ಮನೆಗೆ ಹೊರಟಳು. ಗಾಜಿನ ಫಲಕ ತೆಗೆದುಕೊಳ್ಳಲಿಲ್ಲ.

*

ಒಂದನೇ ತಾರೀಕು ಮಧ್ಯಾಹ್ನ ಹನ್ನೆರಡಕ್ಕೆ ಮೂವರೂ ನಡುಮನೆಯಲ್ಲಿದ್ದರು. ಕೂರಲು ಕುರ್ಚಿ ಇರಲಿಲ್ಲ, ಚಾಪೆಯ ಮೇಲೆ ಕೂತಿದ್ದರು. ಸಾವಂತ್ರಮ್ಮ ಕಾಲು ನೀಡಿಕೊಂಡು, ನೋಡುವುದಿಲ್ಲವೆಂದು ಹಟ ಹಿಡಿದವರ ಹಾಗೆ ಗೋಡೆ ನೋಡುತ್ತಿದ್ದರು. ಓಂಕಾರಮೂರ್ತಿ ಗಡಿಯಾರ ನೋಡುತ್ತಿದ್ದ.

ಮಂಡಿ ಟಕ್ಕೆಂದು ಬಿಗಿಯಿತು. ಅದೇ ಗಳಿಗೆಗೆ, ಪಕ್ಕದಲ್ಲಿ ತೆರೆದಿಟ್ಟಿದ್ದ ಡಬ್ಬಿಯೊಳಗೆ ಕಾತ್ಯಾಯಿನಿಯ ಹೆಡ್‌ಸೆಟ್ಟು ಸದ್ದಿಲ್ಲದೆ ಮುದ್ದೆಯಾಯಿತು. ಒಂಬತ್ತು ವರ್ಷದ ನೌಕರಿ ಒಂದು ನಿಂಬೆಹಣ್ಣಿನಷ್ಟಿತ್ತು.

ಸಾವಂತ್ರಮ್ಮ ಕಾಲು ಮಡಚಿದರು, ನೀಡಿದರು. ಗೋಡೆ ಹಿಡಿಯದೆ ಎದ್ದು ನಿಂತರು. ಸೊಸೆಯ ಕಡೆ ನೋಡಿ, “ನಿನ್ನ ಸೊಂಟ ಉಳೀತು,” ಎಂದರು. ಈ ಮನೆಯಲ್ಲಿ ಕೃತಜ್ಞತೆಗೆ ಇದಕ್ಕಿಂತ ಹತ್ತಿರದ ಮಾತು ಹುಟ್ಟಿರಲಿಲ್ಲ.

“ಉಳಿದು ಏನಾಗ್ಬೇಕು? ಮುಂದಿನ ತಿಂಗಳು ಹುಂಡಿಗೆ ಬೀಳೋಕೆ ಏನೂ ಇಲ್ಲ,” ಎಂದಳು ಕಾತ್ಯಾಯಿನಿ. “ಈ ಒಂದನೇ ತಾರೀಕು ದಾಟಿತು. ಮುಂದಿನದು ನಿಮ್ಮ ದೇವರು ನೋಡ್ಕೊಳ್ಳಬೇಕು.”

ಸಾವಂತ್ರಮ್ಮ ಅಡುಗೆಮನೆಗೆ ಹೋದರು. ಹೆಜ್ಜೆ ಗಟ್ಟಿಯಾಗಿ ಕೇಳಿಸುತ್ತಿತ್ತು. ಬರುವಾಗ ಬಲಗೈ ಮುಷ್ಟಿ ಕಟ್ಟಿತ್ತು. ಓಂಕಾರಮೂರ್ತಿ ಆಗಲೇ ಸ್ಕೂಟರಿನ ಕೀ ಹಿಡಿದು ಬಾಗಿಲಲ್ಲಿದ್ದ. ಅವರು ಸೊಸೆಯನ್ನು ದಾಟಿ ಬಗ್ಗಿ, ಡಬ್ಬಿಯೊಳಗೆ, ಹೆಡ್‌ಸೆಟ್ಟಿನ ಮುದ್ದೆಯ ಪಕ್ಕದಲ್ಲಿ, ಒಂದು ಚಿಟಿಕೆ ಸಕ್ಕರೆ ಉದುರಿಸಿದರು.

“ಏನ್ ನೋಡ್ತೀಯ? ಬೈಯಿ. ನೌಕರಿ ಕಿತ್ಕೊಂಡೋರಾದ್ರೂ ಅಷ್ಟೇ, ಡಬ್ಬಿ ಅವರದು.”

ಕಾತ್ಯಾಯಿನಿ ಬೈಯಲು ಬಾಯಿ ತೆಗೆದವಳು ಹಾಗೇ ನಿಂತಳು. ಆ ತಕ್ಕಡಿಗೆ ಏಣಿಯೂ ಒಂದೇ, ಇಡ್ಲಿ ಪಾತ್ರೆಯೂ ಒಂದೇ, ಹೆಡ್‌ಸೆಟ್ಟೂ ಒಂದೇ. ಒಳಗೆ ಪದಾರ್ಥವಿದೆ. ಬಳಕೆಯಲ್ಲಿದೆ. ಹೊಸ ಚಂದಾ ಆರಂಭ. ನಾಳೆ ಬೆಳಗ್ಗೆ ಒಂಬತ್ತಕ್ಕೆ ಅವಳ ಕುರ್ಚಿ, ಅವಳ ಸಂಬಳ, ಅವಳ ಗುಂಡಿ. ಕೆಳಗಡೆ ಹನ್ನೊಂದು ಸಾವಿರ ಡಬ್ಬಿ. ತೆಗೆಯಬೇಕಾದರೆ ನಾಗಭೂಷಣ ಕಾರಣ ಬರೆಯಬೇಕು.

ಅವಳು ಮುಚ್ಚಳ ಕೈಯಲ್ಲಿ ಹಿಡಿದುಕೊಂಡಳು, ಹಾಕಲಿಲ್ಲ.

“ಇಷ್ಟೇನಾ ಅತ್ತೆ?”

“ಅವರಿಗೆ ಇಷ್ಟು ಸಾಕು.”

“ಸಾಲಲ್ಲ,” ಎಂದಳು ಕಾತ್ಯಾಯಿನಿ, ಡಬ್ಬಿಯನ್ನು ಅತ್ತೆಯ ಕಡೆಗೆ ನೀಡುತ್ತ. “ಇನ್ನೊಂದು ಚಿಟಿಕೆ ಹಾಕಿ. ತಕ್ಕಡಿಗೆ ಚೆನ್ನಾಗಿ ಗೊತ್ತಾಗ್ಲಿ.”